ಬಲಗಡೆ ಕೂತ ಟೇಪ್‌ರೆಕಾರ್ಡರ್

ಆ ದಿನಗಳಲ್ಲಿ ತೆರಕಣಾಂಬಿಯ ನಮ್ಮ ಬೀದಿಯಲ್ಲಿ, ಟೇಪ್‌ರೆಕಾರ್ಡರ್ ಇದ್ದ ಮನೆಯವರು ಉಳಿದವರಿಗಿಂತ ಸ್ವಲ್ಪ ನಿಧಾನವಾಗಿ ನಡೆಯುತ್ತಿದ್ದರು. ನಮ್ಮ ಮನೆಯಲ್ಲೂ ಒಂದಿತ್ತು. ಚಿಕ್ಕಪ್ಪ ಅದನ್ನು ಕೇರಳದ ಕಡೆಯಿಂದ, ಶುಂಠಿ ಲಾರಿಯಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದರು. ಎಷ್ಟೋ ತಿಂಗಳು ಅದರಿಂದ ಹಾಡಿನ ಜೊತೆಗೆ ಶುಂಠಿಯ ವಾಸನೆಯೂ ಬರುತ್ತಿತ್ತು. ಅಜ್ಜಿ ಅದಕ್ಕೆ ಹೂವಿನ ಕಸೂತಿಯ ಬಟ್ಟೆ ಹೊದಿಸಿದ್ದಳು. ಮನೆಯ ಸೊಸೆಯರಿಗೆ ಅಷ್ಟು ಮರ್ಯಾದೆ ಸಿಕ್ಕಿದ್ದನ್ನು ನಾನು ಕಾಣೆ.

ಅದರಲ್ಲಿ ಹಾಡುತ್ತಿದ್ದವರು ಒಬ್ಬರೇ, ಚಂದಕವಾಡಿ ಕಡೆಯ ಚಿಕ್ಕಸ್ವಾಮಣ್ಣ. ತಂಬೂರಿ ಮೀಟುತ್ತ ತಾವೇ ಕಟ್ಟಿದ ಪದ ಹಾಡುವವರು. ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ಅವರ ದನಿ ಕೇಳದೆ ಬಸ್ಸು ಹೊರಟದ್ದಿಲ್ಲ. ಬಸ್ಸು ತಡವಾಗುವುದಕ್ಕೂ ಅದೇ ಕಾರಣವೆಂದು ಕಂಡಕ್ಟರುಗಳು ಹೇಳುತ್ತಿದ್ದರು. ಕ್ಯಾಸೆಟ್ ಮಾಡಿದವರು ಮಾತ್ರ ಆ ದನಿಯ ಬೆನ್ನಿಗೆ ಕೀಬೋರ್ಡು, ಡ್ರಮ್ಮು ಎಲ್ಲ ಕಟ್ಟಿ, ಬಸ್ಸಾರಿಗೆ ಸಕ್ಕರೆ ಸುರಿದಂತೆ ಮಾಡಿದ್ದರು.

ಹಿರಿಯರು ತೀರಿಕೊಂಡರೆ ತಿಥಿಗೆ ತಂಬೂರಿಯವರನ್ನು ಕರೆಸಿ ಪದ ಹೇಳಿಸುವುದು ನಮ್ಮ ಕಡೆಯ ರೂಢಿ. ಚಿಕ್ಕಸ್ವಾಮಣ್ಣ ತೀರಿದವರ ಬಾಳನ್ನೇ ಪದವಾಗಿ ಕಟ್ಟುತ್ತಿದ್ದರು. ನಮ್ಮ ತಾತನ ತಿಥಿಗೆ ಬಂದು, ಮದ್ದೂರು ಕಾಡಂಚಿನ ಹೊಲಕ್ಕೆ ನುಗ್ಗಿದ ಆನೆಗೆ ತಾತ ಬುದ್ಧಿ ಹೇಳಿದ್ದು, ಆನೆ ಕೇಳದೆ ರಾಗಿ ತಿಂದು ಹೋದದ್ದು, ಗಡಿಗೆಯ ಬೆಲ್ಲ ಕದ್ದು ತಿಂದು ತಾತ ಅಜ್ಜಿಯ ಕೈಗೆ ಸಿಕ್ಕಿಬಿದ್ದದ್ದು, ಎಲ್ಲವನ್ನೂ ಬರಿಯ ತಂಬೂರಿಯ ಮೇಲೆ ಹಾಡಿದರು. ಚಿಕ್ಕಪ್ಪ ರೆಕಾರ್ಡ್ ಮಾಡಿಕೊಂಡರು. ಹೊರಡುವಾಗ ಅವರು ಅಜ್ಜಿಗೆ ಹೇಳಿದ್ದಿಷ್ಟೇ: "ಈ ಪದ ಈ ಅಟ್ಟೀದು ಕಣವ್ವ. ಇನ್ನೆಲ್ಲೂ ಆಡಾಕಿಲ್ಲ."

ಪ್ರತಿ ಸೋಮವಾರ ಅಜ್ಜಿ ರಾಗಿ ಕೇರುತ್ತ ಆ ಪದ ಕೇಳುತ್ತಿದ್ದಳು. ಆನೆ ಬಂದಾಗ ನಗುತ್ತಿದ್ದಳು. ಬೆಲ್ಲ ಬಂದಾಗ ಮೊರ ನಿಲ್ಲಿಸಿ, "ಇದ್ಯಾಕ್ ಏಳ್ಬೇಕಿತ್ತು ಇವ್ನು?" ಎಂದು ತಂಬೂರಿಯವರನ್ನು ಬೈಯುತ್ತಿದ್ದಳು. ಕ್ಯಾಸೆಟ್ಟಿನ ಬೆನ್ನ ಮೇಲಿನ ಪ್ಲಾಸ್ಟಿಕ್ ಚೂರು ಮುರಿದುಬಿಟ್ಟರೆ ಅದರ ಮೇಲೆ ಮತ್ತೇನೂ ರೆಕಾರ್ಡ್ ಆಗುವುದಿಲ್ಲವೆಂದು ಚಿಕ್ಕಪ್ಪ ವಿವರಿಸಿದ್ದರು. ತಾತನ ಪದದಲ್ಲಿ ಏನನ್ನೂ ಮುರಿಯಕೂಡದೆಂದು ಅಜ್ಜಿ ಅಪ್ಪಣೆ ಕೊಟ್ಟಿದ್ದಳು.

ಹಾಗಿರುವಾಗ ಚಿಕ್ಕಸ್ವಾಮಣ್ಣ ತೀರಿಕೊಂಡರು. ಚೆಂಡುಹೂವಿನ ಹೊಲಗಳೆಲ್ಲ ಹಳದಿಯಾಗಿದ್ದ ಕಾಲ. ಗುಂಡ್ಲುಪೇಟೆಯ ಅಭಿಮಾನಿ ಬಳಗದ ಅಧ್ಯಕ್ಷ, ಟೈಲರ್ ನಂಜಪ್ಪ, ಅಳತೆ ಟೇಪನ್ನು ಹೆಗಲಿಂದ ಇಳಿಸುವುದನ್ನೂ ಮರೆತು ನಮ್ಮ ಜಗಲಿಗೆ ಬಂದು ಕೂತರು. ಕೀಬೋರ್ಡಿಲ್ಲದ, ಡ್ರಮ್ಮಿಲ್ಲದ ದನಿ ಉಳಿದಿರುವುದು ಈ ಮನೆಯಲ್ಲಿ ಮಾತ್ರ; ಅದರ ಕಾಪಿ ಬೇಕು ಎಂಬುದು ಅವರ ಅಹವಾಲು.

"ಕೊಡಾಕಿಲ್ಲ" ಎಂದಳು ಅಜ್ಜಿ.

"ಪದ ನಿಮ್ಮಟ್ಟೀದಿರಬೌದು ಕಣಜ್ಜಿ. ದನಿ ನಾಡಿಂದು."

"ನಾಡಿಂದಾದ್ರೆ ನಾಡಲ್ಲೇ ಕೇಳೋಗು. ನಮ್ಮಟ್ಟಿಗ್ಯಾಕ್ ಬಂದೆ?"

ಮುಂದಿನ ಸಲ ಅವರು ವಾದ ಹೂಡಲಿಲ್ಲ. ಬೂಸಲು ಹಿಡಿದ ಒಂದು ಹಳೆಯ ಕ್ಯಾಸೆಟ್ ತಂದು ಅಜ್ಜಿಯ ಮುಂದಿಟ್ಟರು. ಒಳಗಿನ ಟೇಪು ಬೆಳ್ಳಗೆ, ಹಳಸಿದ ಮುದ್ದೆಯಂತಾಗಿತ್ತು. "ಒಂದೇ ಒಂದ್ ಇದ್ರೆ ಇಂಗೇ ಆಗೋದು" ಎಂದರು. ಅಜ್ಜಿ ಅದನ್ನು ಮುಟ್ಟಿ, ಬೆರಳನ್ನು ಸೆರಗಿಗೆ ಒರೆಸಿಕೊಂಡಳು. "ಮಾಡ್ಕೊ. ಆದ್ರೆ ನನ್ ಕಣ್ಮುಂದ್ಲೇ ಮಾಡು."

ಭಾನುವಾರ ಮಧ್ಯಾಹ್ನ ಬಳಗವೆಲ್ಲ ಬಂತು. ಅಧ್ಯಕ್ಷರು ತಂದ ಸೆಟ್ಟೂ ನಮ್ಮದೂ ಒಂದೇ ಬಸಿರಿನ ಅವಳಿಗಳಂತಿದ್ದವು. ಅವರು ಮಣೆಯ ಮೇಲೆ, ತಾತನ ಪದದ ಕ್ಯಾಸೆಟ್ ಹಾಕಿದ ನಮ್ಮದನ್ನು ಎಡಕ್ಕೆ, ಖಾಲಿ ಕ್ಯಾಸೆಟ್ ಹಾಕಿದ ತಮ್ಮದನ್ನು ಬಲಕ್ಕೆ ಇಟ್ಟು ಕೈಕಾಲು ತೊಳೆಯಲು ಹಿತ್ತಲಿಗೆ ಹೋದರು. ಅಷ್ಟರಲ್ಲಿ ಅಜ್ಜಿ ಸಾಂಬ್ರಾಣಿ ಹಿಡಿದು ಬಂದಳು. ತಾತನನ್ನು ಎಡಗಡೆ ಕೂರಿಸಿದ್ದು ಅವಳಿಗೆ ಸರಿಕಾಣಲಿಲ್ಲ. ಹಿರಿಯರ ಜಾಗ ಬಲಗಡೆ. ಎರಡನ್ನೂ ಅದಲುಬದಲು ಮಾಡಿ, ಎರಡಕ್ಕೂ ಚೆಂಡುಹೂವಿನ ಹಾರ ಹಾಕಿದಳು.

ಅಧ್ಯಕ್ಷರು ಬಂದು ವಯರು ಸಿಕ್ಕಿಸಿ ಘೋಷಿಸಿದರು: "ಪದ ವಯರೊಳಗೇ ಓಯ್ತದೆ. ಆಚ್ಗೆ ಕೇಳಾಕಿಲ್ಲ. ಆದ್ರೆ ಸೆಟ್ಟಿನ್ ಮೈಕು ತೆರ್ದೇ ಇರ್ತದೆ. ಯಾರೂ ಉಸ್ರೆತ್ತಬ್ಯಾಡಿ, ಅದೂ ಕಾಪಿ ಆಗ್ಬುಡ್ತದೆ." ಆಮೇಲೆ ಭಕ್ತಿಯಿಂದ ಅರ್ಧ ಕಣ್ಣುಮುಚ್ಚಿ, ಎಡಗೈಯಿಂದ ಎಡದ್ದರ ಪ್ಲೇ ಗುಂಡಿಯನ್ನೂ ಬಲಗೈಯಿಂದ ಬಲದ್ದರ ರೆಕಾರ್ಡ್ ಗುಂಡಿಯನ್ನೂ ಒತ್ತಿದರು.

ಚಕ್ರಗಳು ತಿರುಗತೊಡಗಿದವು. ಗರ್ಭಗುಡಿಯ ಮುಂದೆಯೂ ನಮ್ಮ ಜನ ಅಷ್ಟು ಸುಮ್ಮನೆ ಕೂತವರಲ್ಲ. ಒಲೆಯ ಮೇಲೆ ಹುರುಳಿಕಾಳು ಕುದಿಯುವ ಸದ್ದು ನಡುಮನೆಗೆ ಕೇಳುತ್ತಿತ್ತು. ಬಳಗದಲ್ಲಿದ್ದ ಒಬ್ಬ ಕಂಡಕ್ಟರು, ಬಂದ ಕೆಮ್ಮನ್ನು ನುಂಗಲು ಹೆಣಗಿ ಕೆಂಪಗಾದ. ಅಳಗುಳಿಮಣೆ ಬಿಟ್ಟು ಬಂದು ಮಣೆಯ ಮುಂದೆಯೇ ನೆಲಕ್ಕೆ ಗಲ್ಲವೂರಿ ಮಲಗಿದ್ದ ನನಗೆ, ಹಾರದ ಕೆಳಗೆ ರೆಕಾರ್ಡಿನ ಕೆಂಪು ದೀಪ ಕಂಡಿತು. ಅದು ಉರಿಯುತ್ತಿದ್ದದ್ದು ನಮ್ಮ ಸೆಟ್ಟಿನಲ್ಲಿ.

"ಚಿಕ್ಕಪ್ಪ, ಕೆಂಪ್ ಲೈಟು ನಮ್ದ್ರಲ್ಲಿ ಉರೀತಾ ಅದೆ."

ಬಳಗವೆಲ್ಲ ಒಟ್ಟಿಗೆ ಬಾಯಿಯ ಮೇಲೆ ಬೆರಳಿಟ್ಟುಕೊಂಡಿತು. ಚಿಕ್ಕಪ್ಪ ಬೀಡಿ ನಾರುವ ಅಂಗೈಯಿಂದ ನನ್ನ ಬಾಯಿ ಮುಚ್ಚಿದರು. ನಾನು ಕಾಲು ಝಾಡಿಸಿದೆ, ಕಾಲನ್ನೂ ಹಿಡಿದುಕೊಂಡರು. ದೀಪ ಉರಿಯುತ್ತಲೇ ಇತ್ತು, ಚಕ್ರ ತಿರುಗುತ್ತಲೇ ಇತ್ತು, ಅಜ್ಜಿ ಕೈಮುಗಿದು ಕೂತೇ ಇದ್ದಳು. ಕೊನೆಗೆ 'ಟಕ್' ಎಂದಿತು. ಜನ ಉಸಿರು ಬಿಟ್ಟರು, ಕಂಡಕ್ಟರು ಮನಸಾರೆ ಕೆಮ್ಮಿದ.

ಅಧ್ಯಕ್ಷರು ತಮ್ಮ ಕ್ಯಾಸೆಟ್ ಹಾಕಿದರು. ಬರೀ ಗಾಳಿಯ ಸದ್ದು. ನಮ್ಮದನ್ನು ಹಿಂದಕ್ಕೆ ಸುತ್ತಿ ಹಾಕಿದರು. ಸಾರು ಕುದಿಯುವ ಸದ್ದು, ಯಾವುದೋ ಕೋಳಿ, ಆಮೇಲೆ ಸ್ಪಷ್ಟವಾಗಿ ನನ್ನ ದನಿ: ಕೆಂಪ್ ಲೈಟು ನಮ್ದ್ರಲ್ಲಿ ಉರೀತಾ ಅದೆ.

"ನಾನ್ ಮಡಗಿದ್ದು ಎಡಕ್ಕಲ್ವಾ?" ಎಂದರು ಅಧ್ಯಕ್ಷರು, ಯಾರನ್ನೂ ನೋಡದೆ.

"ಬಲಕ್ ಮಡಗಿದ್ದು ನಾನೇ ಕಣಪ್ಪ" ಎಂದಳು ಅಜ್ಜಿ.

ಚಿಕ್ಕಪ್ಪ ಗೋಡೆಗೆ ತಿರುಗಿ ನಿಂತರು. ಅಧ್ಯಕ್ಷರು ಹೆಗಲ ಮೇಲಿನ ಅಳತೆ ಟೇಪನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತರು. ಅಜ್ಜಿ ಹಾರಗಳನ್ನು ತೆಗೆದು ಪಕ್ಕಕ್ಕಿಟ್ಟಳು.

"ಈಗ ನಿಂದ್ರಲ್ಲಿ ಸರ್ಯಾಗಿ ಒತ್ತು. ಪದಾನ ನಾನೇ ಏಳ್ತೀನಿ."

ಅವಳಿಗೆ ರಾಗ ಬರುತ್ತಿರಲಿಲ್ಲ. ರಾಗಿ ಕೇರುವ ಲಯದಲ್ಲೇ ಒಂದು ನುಡಿ ಹೇಳಿದಳು, ಅದರ ಕೊನೆಯಲ್ಲಿ ತಡೆದು ನಿಂತಳು. ಚಿಕ್ಕಸ್ವಾಮಣ್ಣ ಪ್ರತಿ ನುಡಿಯನ್ನೂ ತಾತನ ಹೆಸರಿನಿಂದ ಮುಗಿಸಿದ್ದರು. ಗಂಡನ ಹೆಸರನ್ನು ಅಜ್ಜಿ ಬಾಯಲ್ಲಿ ಆಡಿದವಳೇ ಅಲ್ಲ, ಅವನು ಸತ್ತ ಮೇಲೂ. ಯಂತ್ರ ಓಡುತ್ತಿತ್ತು. ಅಜ್ಜಿ ಚಿಕ್ಕಪ್ಪನನ್ನು ನೋಡಿದಳು. ಅವರು ಗೋಡೆಯಿಂದ ಈಚೆಗೆ ತಿರುಗಲೇ ಇಲ್ಲ. ನನ್ನ ಕಡೆ ಕಣ್ಣು ಬಿಟ್ಟು, "ಎಸ್ರು ಏಳಮ್ಮಿ" ಎಂದಳು.

"ಪುಟ್ಟಬಸಪ್ಪ" ಎಂದು ಕೂಗಿದೆ.

ಎರಡನೆಯ ನುಡಿಗೆ ಕಂಡಕ್ಟರೂ ಸೇರಿದ. ಮೂರನೆಯದಕ್ಕೆ ಬಳಗವೆಲ್ಲ, ಅಧ್ಯಕ್ಷರೂ. ಆನೆ ಬಂತು, ಹೋಯಿತು. ಬೆಲ್ಲದ ನುಡಿಯನ್ನು ಅಜ್ಜಿ ಬಿಟ್ಟಳು. ಬಿಟ್ಟದ್ದು ನನಗೂ ಚಿಕ್ಕಪ್ಪನಿಗೂ ಗೊತ್ತಾಯಿತು, ಇಬ್ಬರೂ ಕೇಳಲಿಲ್ಲ.

ಆ ಕ್ಯಾಸೆಟ್ಟನ್ನು ಅಧ್ಯಕ್ಷರು ಎದೆಗವುಚಿಕೊಂಡು ಒಯ್ದರು. ಅವರು ತೀರಿಹೋಗಿ ವರ್ಷಗಳಾದವು, ಅವರ ಟೈಲರ್ ಅಂಗಡಿ ಈಗ ಮೊಬೈಲ್ ರಿಪೇರಿಯದು, ಆ ಕ್ಯಾಸೆಟ್ ಏನಾಯಿತೋ ಯಾರಿಗೂ ಗೊತ್ತಿಲ್ಲ. ಅಜ್ಜಿಯೂ ಇಲ್ಲ. ನಾನು ಚಾಮರಾಜನಗರದಲ್ಲಿದ್ದೇನೆ, ಚಿಕ್ಕಸ್ವಾಮಣ್ಣನ ಅಭಿಮಾನಿಗಳ ವಾಟ್ಸಾಪ್ ಗ್ರೂಪಿನಲ್ಲಿದ್ದೇನೆ. ದಿನಾ ಬೆಳಗ್ಗೆ ಒಂದು ಹಾಡು ಬರುತ್ತದೆ, ಕೀಬೋರ್ಡು ಡ್ರಮ್ಮು ಸಮೇತ. ಹಾಡು ಕೇಳಿ ಮುಗಿಸುವಷ್ಟು ಹೊತ್ತು ಆಗುವ ಮೊದಲೇ, ಕೈಮುಗಿದ ಚಿತ್ರಗಳು ಸಾಲಾಗಿ ಬರುತ್ತವೆ.

ಅಪರೂಪದ್ದೇನಾದರೂ ಇದೆಯೇ ಎಂದು ಮೊನ್ನೆ ಯಾರೋ ಅಲ್ಲಿ ಕೇಳಿದರು. ತಾತನ ಪದವನ್ನು ಬರೆದು ಕಳಿಸೋಣವೆಂದು ಕೂತೆ. ಕತೆಯೆಲ್ಲ ನೆನಪಿದೆ. ಆದರೆ ಕತೆ ಪದವಲ್ಲ. ಅಜ್ಜಿ ಹೇಳಿದ ಒಂದು ಸಾಲೂ ಅದು ಇದ್ದ ಹಾಗೆ ಬಾಯಿಗೆ ಬರಲಿಲ್ಲ. ಅವಳು ನಿಲ್ಲಿಸುವುದನ್ನೇ ಕಾಯುತ್ತ ಕೂತಿದ್ದ ನನ್ನ ಪಾಲಿಗೆ ಉಳಿದಿರುವುದು, ನುಡಿಯ ಕೊನೆಯಲ್ಲಿ ನಾನು ಕೂಗಿದ ಹೆಸರೊಂದೇ.