ಬ್ರಾಕೆಟ್ ಸರಿಯಿತ್ತು, ಮಾತ್ರೆ ತಪ್ಪಿತು

“ಬ್ರಾಕೆಟ್ ಹೊಸ ಸಾಲಿಗೆ ಬರಬೇಕು” ಎಂದು ಬರೆದು ನಮ್ಮ ಸೀನಿಯರ್ ಸೆಂದಿಲ್ ನನ್ನ ಕೋಡನ್ನು ಮೂರನೇ ಸಲ ವಾಪಸ್ ಕಳಿಸಿದಾಗ ಮೈಯೆಲ್ಲ ಉರಿದುಹೋಯಿತು. ಚೆನ್ನೈನ ವಡಪಳನಿಯ ನಮ್ಮ ಪುಟ್ಟ ಆಫೀಸಿನಲ್ಲಿ ತಯಾರಾಗುವುದು ಮಾತ್ರೆಯ ಹೊತ್ತು ನೆನಪಿಸುವ ಆ್ಯಪ್. ಅದು ಸರಿಯಾಗಿ ನಡೆಯುತ್ತದೆಯೇ ಎಂದು ಆ ಮನುಷ್ಯ ಒಮ್ಮೆಯೂ ಕೇಳಲಿಲ್ಲ. ಬ್ರಾಕೆಟ್ ಯಾಕೆ ಮೇಲಿದೆ, ಕೊನೆಯಲ್ಲಿ ಕಾಮಾ ಯಾಕಿಲ್ಲ, ಬರೀ ಇದೇ ತಕರಾರು. ವಾದ ಮಾಡಿ ಸಾಕಾಗಿ, ಹಲ್ಲು ಕಚ್ಚಿಕೊಂಡು ಇಡೀ ಫೈಲನ್ನೇ ಅವರಿಗೆ ಬೇಕಾದ ಹಾಗೆ ತಿದ್ದಿ ಕಳಿಸಿದೆ. ಸಾವಿರಾರು ಸಾಲುಗಳು ಬದಲಾಗಿವೆ ಎಂದು ಪರದೆ ತೋರಿಸಿತು. ಅಷ್ಟನ್ನೂ ಯಾರು ಓದುತ್ತಾರೆ? ಸೆಂದಿಲ್ ಬ್ರಾಕೆಟ್ ನೋಡಿದರು, ಒಪ್ಪಿಗೆ ಕೊಟ್ಟರು.

ಮುಂದಿನ ವಾರ ರಿಸೆಪ್ಷನ್‌ನ ಪದ್ಮಕ್ಕ ತಮ್ಮ ತಾಯಿಯ ಫೋನನ್ನು ನನ್ನ ಮುಂದೆ ಕುಕ್ಕಿದರು. ಪದ್ಮಕ್ಕ ಚೆನ್ನೈಯಲ್ಲೇ ಹುಟ್ಟಿ ಬೆಳೆದ ಕನ್ನಡದವರು.

“ನೋಡು ಮಾ, ಅಮ್ಮ ಶುಗರ್ ಮಾತ್ರೆ ನುಂಗಿ ಆದ್ಮೇಲೂ ನಿಮ್ಮ ಆ್ಯಪ್ ಮತ್ತೆ ಹೊಡ್ಕೊಂಡಿದೆ. ಪಾಪ, ಅವ್ರು ಮತ್ತೆ ನುಂಗಿ, ತಲೆಸುತ್ತಿ ಬಿದ್ದಿದ್ದಾರೆ. ನೀವಿಬ್ರೂ ಅಷ್ಟು ದಿನ ಕಿತ್ತಾಡಿ ಏನು ಚೆಕ್ ಮಾಡಿದ್ರಿ?”

ಫೈಲ್ ತೆರೆದು ನೋಡಿದೆ. ಮಾತ್ರೆ ನುಂಗಿದ್ದಾಯಿತೇ ಎಂದು ವಿಚಾರಿಸುವ ಸಾಲುಗಳನ್ನು ಬ್ರಾಕೆಟ್ ತಿದ್ದುವಾಗ ಸಿಟ್ಟಿನ ಭರದಲ್ಲಿ ನಾನೇ ಅಳಿಸಿಬಿಟ್ಟಿದ್ದೆ.

ಪದ್ಮಕ್ಕನ ತಾಯಿ ಚೇತರಿಸಿಕೊಂಡರು. ಸೆಂದಿಲ್ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ, ನನ್ನ ಮೇಲಿನದು ಅದಕ್ಕಿಂತ ಹೆಚ್ಚಿದೆ. ಅಂದು ಆ ಫೈಲಿನಲ್ಲಿ ಬ್ರಾಕೆಟ್‌ಗಳೆಲ್ಲ ಅಚ್ಚುಕಟ್ಟಾಗಿ ಹೊಸ ಸಾಲಿನಲ್ಲೇ ಕೂತಿದ್ದವು.