ಬಿರಾಗೊ ಮುಚ್ಚಗೊಡದ ಸಂದು

ಕೆಲಸಕ್ಕೆ ಸೇರಿದ ಮೊದಲ ದಿನವೇ ನಾನು ಕಾರಿನ ಬ್ಯಾಟರಿಯಿಂದ ಒದೆ ತಿಂದೆ. ಹನ್ನೆರಡು ವೋಲ್ಟು ಯಾರನ್ನೂ ಏನೂ ಮಾಡುವುದಿಲ್ಲ, ಕೈಯಲ್ಲಿ ಹಿಡಿದರೆ ಗೊತ್ತೂ ಆಗುವುದಿಲ್ಲ ಎಂದು ಕುಮಾಸಿ ನಗರದ ಸುಆಮೆ ಗ್ಯಾರೇಜು ಪೇಟೆಯ ಅರ್ಧ ಓಣಿಗೆ ಕೇಳುವಂತೆ ಭಾಷಣ ಬಿಗಿಯುತ್ತ, ಆ ಬ್ಯಾಟರಿಗೆ ಕಟ್ಟಿದ್ದ ದಪ್ಪ ತಾಮ್ರದ ಸುರುಳಿಯ ಎರಡು ತುದಿಗಳನ್ನೂ ಬರಿಗೈಯಲ್ಲಿ ಹಿಡಿದು ಒಂದನ್ನು ಬ್ಯಾಟರಿಯಿಂದ ಎಳೆದೆ. ಕತ್ತೆ ಒದ್ದಂತಾಯಿತು. ಕಣ್ಣು ಬಿಟ್ಟಾಗ ಹಳೆಯ ಟೈರುಗಳ ರಾಶಿಯ ಮೇಲೆ ಕೂತಿದ್ದೆ.

ಸುರುಳಿ ಸುತ್ತುವ ಆ ಅಂಗಡಿಯ ಒಡತಿ ಬಿರಾಗೊ ಕೈಯಲ್ಲಿದ್ದ ತಂತಿಯಿಂದ ಕಣ್ಣೆತ್ತಲಿಲ್ಲ. "ಫಾಂಟೆ ಜನರ ಬಾಯಿ ಎರಡೇ ಕೆಲಸಕ್ಕೆ ಅಂತ ಕೇಳಿದ್ದೆ. ಊಟಕ್ಕೆ, ಇಂಗ್ಲಿಷಿಗೆ. ಕಿರುಚೋಕೂ ಬರತ್ತೆ ಅಂತ ಇವತ್ತು ಗೊತ್ತಾಯ್ತು."

ನಾನು ಕರಾವಳಿಯ ಫಾಂಟೆ, ಆಕೆ ಕುಮಾಸಿಯ ಅಸಾಂಟೆ; ಎರಡೂ ಜನಾಂಗದವರು ಒಬ್ಬರನ್ನೊಬ್ಬರು ಕಿಚಾಯಿಸುವುದು ಹಳೆಯ ರೂಢಿ. ಈ ಮಾತು ಕೇಳಿಸಿಕೊಳ್ಳುವುದೂ ನನ್ನ ಸಂಬಳದ ಕೆಲಸದಲ್ಲೇ ಸೇರಿದೆ.

"ಒದ್ದಿದ್ದು ಬ್ಯಾಟರಿ ಅಲ್ಲ ಕಣೋ ಎಬೊ, ಸುರುಳಿ," ಎಂದಳು. "ಒಂದು ಸಲ ಕರೆಂಟು ಒಳಗೆ ಹರಿಯೋಕೆ ಶುರುವಾಯ್ತು ಅಂದ್ರೆ, ಸುತ್ತ ಕಾಂತದ ಬಲ ಕಟ್ಕೊಂಡು ಕೂತ್ಬಿಡತ್ತೆ. ಆಮೇಲೆ ಅದಕ್ಕೆ ಬದಲಾವಣೆ ಬೇಡ. ಕರೆಂಟು ಏರಿಸೋಕೆ ಹೋದ್ರೆ ಹಿಂದಕ್ಕೆ ಎಳೆಯತ್ತೆ, ಇಳಿಸೋಕೆ ಹೋದ್ರೆ ಮುಂದಕ್ಕೆ ನೂಕತ್ತೆ. ನಿನ್ನ ಹಾಗೆ ಒಂದೇ ಸಲಕ್ಕೆ ಕಿತ್ರೆ, ಕೂಡಿಟ್ಟಿದ್ದನ್ನೆಲ್ಲ ಕಿತ್ತೋನ ಮೇಲೇ ಹಾಕತ್ತೆ."

"ಒಳ್ಳೆ ಜಗಳಗಂಟಿ ಸಾಮಾನು, ಮೇಡಂ."

"ಅದಕ್ಕೇ ನಮ್ಮಿಬ್ಬರಿಗೂ ಸರಿಹೋಗಿದೆ."

ಬಿರಾಗೊ ಈ ಓಣಿಗೆ ಬಂದದ್ದು ಸುರುಳಿ ಸುತ್ತಲು ಅಲ್ಲ, ಇಲ್ಲಿ ಸುರುಳಿ ಸುತ್ತುತ್ತಿದ್ದ ಸೋದರಮಾವನಿಗೆ ಮಧ್ಯಾಹ್ನದ ಊಟ ತರಲು. ಮಾವನ ಕೈ ನಡುಗತೊಡಗಿದ ವರ್ಷ, ಊಟದ ಪಾತ್ರೆ ಕೆಳಗಿಟ್ಟು ತಂತಿಯನ್ನು ತಾನೇ ಹಿಡಿದಳು. ಉಳಿದವರು ಸುತ್ತುಗಳನ್ನು ಗೋಡೆಯ ಮೇಲೆ ಸೀಮೆಸುಣ್ಣದಿಂದ ಗೀಚಿ ಎಣಿಸಿದರೆ, ಈಕೆ ಚರ್ಚಿನ ಹಾಡು ಹೇಳುತ್ತ ಎಣಿಸುತ್ತಾಳೆ. ಒಂದು ಚರಣಕ್ಕೆ ಇಷ್ಟು ಸುತ್ತು. ನಡುವೆ ಯಾರಾದರೂ ಮಾತಾಡಿಸಿದರೆ ಹಾಡು ನಿಲ್ಲುವುದಿಲ್ಲ, ಅದೇ ರಾಗದಲ್ಲಿ ಬೈಗುಳ ಬರುತ್ತದೆ.

ನಮ್ಮಲ್ಲಿ ಕಸುಬು ಕಲಿತು ಮುಗಿಸಿದವನನ್ನು ಗುರು ಮಂಡಿಯೂರಿಸಿ, ಪ್ರಾರ್ಥನೆ ಮಾಡಿ, ತಲೆಯ ಮೇಲೆ ಬಿಳಿ ಪೌಡರು ಸುರಿದು ಬಿಡುಗಡೆ ಮಾಡುತ್ತಾನೆ. ಅಲ್ಲಿಯ ತನಕ ಅವನು ಶಿಷ್ಯ, ಆಮೇಲೆ ಮೇಸ್ತ್ರಿ. ಬಿರಾಗೊಳ ಬಿಡುಗಡೆಗೆ ದಿನ ಗೊತ್ತಾಗಿತ್ತು. ಮಾವ ಪೌಡರಿನ ಡಬ್ಬಿಯನ್ನೂ ತಂದಿಟ್ಟಿದ್ದ. ಆ ದಿನ ಬರುವ ಮೊದಲೇ ತೀರಿಕೊಂಡ. ಡಬ್ಬಿ ಮೊನ್ನೆಯ ತನಕ ಅಂಗಡಿಯ ಅಟ್ಟಣಿಗೆಯ ಮೇಲೆ ಹಾಗೇ ಇತ್ತು. ಧೂಳು ಒರೆಸುತ್ತಿದ್ದುದು ನಾನು. ಮುಚ್ಚಳ ತೆಗೆಯಲು ಅಪ್ಪಣೆಯಿರಲಿಲ್ಲ.

ಓಣಿಯ ಸಂಘದ ಮುಖ್ಯಸ್ಥ ಒಪಾನ್ಯಿನ್ ಬಾಫೊ. ಒಪಾನ್ಯಿನ್ ಎಂದರೆ ಹಿರಿಯ. ನಾವು ಹೆಸರಿಗಿಂತ ಮೊದಲು ಅದನ್ನೇ ಹೇಳುತ್ತೇವೆ. ಟ್ರಾನ್ಸ್‌ಫಾರ್ಮರ್ ಕಟ್ಟುವುದರಲ್ಲಿ ಆತನದು ಪಳಗಿದ ಕೈ. ಬಿಡುಗಡೆಯಾಗದ ಹೆಂಗಸೊಬ್ಬಳು ಓಣಿಯಲ್ಲಿ ಅಂಗಡಿ ನಡೆಸುವುದು ಆತನಿಗೆ ಹಲ್ಲಿನ ಸಂದಿಯ ಮೀನಿನ ಮುಳ್ಳು.

ಮೊನ್ನೆ ಬುಧವಾರ, ಎದುರು ಸಾಲಿನಲ್ಲಿ ಕಬ್ಬಿಣದ ಗೇಟು ಮಾಡುವ ಸುಲೆಮಾನಾ ಒಂದು ಚೋಕನ್ನು ಹೊತ್ತು ತಂದು ನಮ್ಮ ಮೇಜಿನ ಮೇಲೆ ಕುಕ್ಕಿದ. ಕಬ್ಬಿಣದ ತಗಡುಗಳ ಚೌಕಟ್ಟಿಗೆ ತಾಮ್ರ ಸುತ್ತಿದ, ಬೆಸುಗೆ ಯಂತ್ರದ ಕರೆಂಟನ್ನು ಒಂದೇ ಸಮ ಇಡುವ ಭಾರೀ ಸುರುಳಿ, ಬಿರಾಗೊ ಮಾಡಿಕೊಟ್ಟದ್ದೇ.

"ಅಕ್ಕಾ, ಏನಿದು? ನಿನ್ನೆ ತನಕ ಬೆಣ್ಣೆ ಹಾಗೆ ಬೆಸುಗೆ ಬೀಳ್ತಿತ್ತು. ಇವತ್ತು ರಾಡು ಅಂಟ್ಕೊಳತ್ತೆ, ಕಿಡಿ ಉಗಿಯತ್ತೆ. ಗೇಟು ಸಿಡುಬು ಬಂದೋನ ಮುಖ ಆಗಿದೆ!"

ಬಿರಾಗೊ ಚೋಕನ್ನು ತಿರುಗಿಸಿ ನೋಡಿದಳು. ಚೌಕಟ್ಟಿನ ಎರಡು ಭಾಗಗಳ ನಡುವೆ ಆಕೆ ರಟ್ಟು ಇಟ್ಟು ಬಿಟ್ಟಿದ್ದ ಸಂದು ಇರಲಿಲ್ಲ. ಕಬ್ಬಿಣಕ್ಕೆ ಕಬ್ಬಿಣ ಸೇರಿಸಿ, ಸುತ್ತಿಗೆಯಲ್ಲಿ ಬಡಿದು ಬಿಗಿಯಲಾಗಿತ್ತು.

"ಯಾರು ಬಿಚ್ಚಿದ್ದು?"

"ನಾನೇ." ಬಾಗಿಲಲ್ಲಿ ಒಪಾನ್ಯಿನ್ ಬಾಫೊ ನಿಂತಿದ್ದ, ಹಿಂದೆ ಅರ್ಧ ಓಣಿ. "ಇಂಥ ಹರಕು ಕೆಲಸ ನಮ್ಮ ಓಣಿ ಹೆಸರಲ್ಲಿ ಹೊರಗೆ ಹೋಗಬಾರದು ಅಂತ ನಿನ್ನೆ ಸಂಜೆ ಇವನು ಮನೆಗೆ ಹೋದ ಮೇಲೆ ನಾನೇ ಕೂತು ಬಿಗಿ ಮಾಡಿದೆ. ಕಬ್ಬಿಣದ ನಡುವೆ ಬೆರಳುಗುರು ತೂರೋಷ್ಟು ಸಂದು! ಗುರು ಬಿಡುಗಡೆ ಮಾಡದ ಶಿಷ್ಯೆ ಕೆಲಸ ಇನ್ನು ಹೇಗಿರತ್ತೆ?"

"ನೀವು ಕಟ್ಟೋ ಟ್ರಾನ್ಸ್‌ಫಾರ್ಮರಿಗೆ ಸಂದು ಇರಬಾರದು, ಒಪ್ಪಿದೆ," ಎಂದಳು ಬಿರಾಗೊ. "ಅದರಲ್ಲಿ ಕರೆಂಟು ಆ ಕಡೆ ಈ ಕಡೆ ಓಡಾಡತ್ತೆ. ಕಬ್ಬಿಣ ತುಂಬತ್ತೆ, ಖಾಲಿ ಆಗತ್ತೆ. ಇದರಲ್ಲಿ ಡಯೋಡು ದಾಟಿ ಬಂದ ಕರೆಂಟು, ಒಂದೇ ದಿಕ್ಕು. ಸಂದು ಇಲ್ಲದಿದ್ರೆ ಕಬ್ಬಿಣದ ಹೊಟ್ಟೆ ತುಂಬಿ ಬಿರಿಯತ್ತೆ. ಮತ್ತೆ ಹಿಡಿಯೋಕೆ ಜಾಗ ಇರಲ್ಲ, ಸುರುಳಿ ಬರೀ ತಂತಿ ಆಗಿ ಬಿದ್ದಿರತ್ತೆ. ನಮ್ಮ ಎಬೊ ಎರಡನೇ ತಟ್ಟೆ ಫುಫು ತಿಂದ ಮೇಲೆ ಇರ್ತಾನಲ್ಲ, ಹಾಗೆ."

ಓಣಿ ನಕ್ಕಿತು. ನಾನೂ ನಕ್ಕೆ, ಅದು ಮೂರನೇ ತಟ್ಟೆ ಎಂದು ತಿದ್ದಲು ಹೋಗಲಿಲ್ಲ.

ಬಾಫೊ ನಗಲಿಲ್ಲ. ಜೇಬಿನಿಂದ ದಪ್ಪ ಬೀಗವೊಂದನ್ನು ತೆಗೆದು ಎಲ್ಲರಿಗೂ ತೋರಿಸಿದ. "ಸಂಘ ತೀರ್ಮಾನ ಮಾಡಿದೆ. ನನ್ನ ಮುಂದೆ ಮಂಡಿಯೂರಿ ಬಿಡುಗಡೆ ತಗೋ, ಇನ್ಮೇಲೆ ಸಂದು ಬಿಡಲ್ಲ ಅಂತ ಹೇಳು. ಇಲ್ಲಾಂದ್ರೆ ಇವತ್ತೇ ಈ ಬಾಗಿಲಿಗೆ ಬೀಗ."

ಇಡೀ ಕುಮಾಸಿಯಲ್ಲಿ ನನ್ನನ್ನು ಕೆಲಸಕ್ಕೆ ಇಟ್ಟುಕೊಂಡ ಬಾಗಿಲು ಅದೊಂದೇ.

ಬಿರಾಗೊ ಚೋಕಿನ ಬೋಲ್ಟುಗಳನ್ನು ಸಡಿಲಿಸತೊಡಗಿದಳು. "ಎಬೊ, ರಟ್ಟು."

"ಮುಗಿದಿದೆ, ಮೇಡಂ."

"ನಿನ್ನ ಪುಸ್ತಕ ಕೊಡು."

ಅದು ನನ್ನ ಇಂಗ್ಲಿಷ್ ವ್ಯಾಕರಣದ ಪುಸ್ತಕ. ಕೆಂಕೆ ಕಡುಬು ಮಾರುವ ಹುಡುಗಿಯ ಮುಂದೆ ಘನವಾಗಿ ಮಾತಾಡಲು ಎರಡನೇ ಪಾಠದ ತನಕ ಓದಿದ್ದೆ. ಅದರ ರಟ್ಟನ್ನು ಕತ್ತರಿಸಿ, ಕಬ್ಬಿಣದ ನಡುವೆ ಇಟ್ಟು, ಬೋಲ್ಟು ಬಿಗಿದಳು. "ಈ ಪುಸ್ತಕದಿಂದ ಇವತ್ತಾದ್ರೂ ಒಂದು ಉಪಕಾರ ಆಯ್ತು," ಎಂದಳು.

ಸುಲೆಮಾನಾ ತನ್ನ ಬೆಸುಗೆ ಯಂತ್ರದಿಂದ ಓಣಿಗೆ ಅಡ್ಡಲಾಗಿ ಕೇಬಲ್ ಎಳೆದು ತಂದು, ಚೋಕನ್ನು ಜೋಡಿಸಿ ಕೇಳಿದ: "ಎಲ್ಲಿ ಹಚ್ಚಿ ನೋಡ್ಲಿ, ಅಕ್ಕಾ?"

ಬಿರಾಗೊ ಅಂಗಡಿಯ ಕಬ್ಬಿಣದ ಬಾಗಿಲನ್ನು ಪೂರ್ತಿ ತೆರೆದು, ಪಕ್ಕದ ಕಬ್ಬಿಣದ ಕಂಬಕ್ಕೆ ಒತ್ತಿ ಹಿಡಿದಳು. "ಇಲ್ಲಿ. ಬಾಗಿಲನ್ನ ಕಂಬಕ್ಕೆ ಬೆಸೆ. ಮೇಲಿಂದ ಕೆಳಗಿನ ತನಕ."

"ಆಮೇಲೆ ಮುಚ್ಚೋಕಾಗಲ್ಲ!"

"ಹೂಂ."

ಸುಲೆಮಾನಾ ಒಮ್ಮೆ ಬಾಫೊನ ಕೈಯ ಬೀಗವನ್ನೂ ಒಮ್ಮೆ ಬಾಗಿಲನ್ನೂ ನೋಡಿದ. ಆಮೇಲೆ ನಗು ತಡೆಯಲಾರದೆ ಮುಖವಾಡ ಎಳೆದುಕೊಂಡ.

ಚೋಕು ಗುಂಯ್‌ಗುಟ್ಟಿತು. ರಾಡು ತಾಕಿದ ಕಡೆ ಬೆಳಕು ಹತ್ತಿತು, ಕಿಡಿ ಹಾರಲಿಲ್ಲ. ಎಣ್ಣೆಯಲ್ಲಿ ಬಾಳೆಹಣ್ಣು ಕರಿಯುವಂಥ ಒಂದೇ ಸಮನಾದ ಸದ್ದು. ಬೇಕೆಂದೇ ಸುಲೆಮಾನಾ ರಾಡನ್ನು ಕೊಂಚ ಹಿಂದಕ್ಕೆಳೆದ. ಬೆಳಕು ಉದ್ದಕ್ಕೆ ಜಗ್ಗಿತು, ಆರಲಿಲ್ಲ. ಇಳಿಯಲು ಹೊರಟ ಕರೆಂಟನ್ನು ಸುರುಳಿ ಹಿಂದಿನಿಂದ ನೂಕುತ್ತಿತ್ತು. ಬಾಗಿಲು ಕಂಬದ ಮೈಗೆ ಮೈಯಾಯಿತು.

ಬಾಫೊ ಬೆಸುಗೆಯ ಹತ್ತಿರ ಬಂದು ಬಗ್ಗಿ ನೋಡಿದ. ಕಸುಬುದಾರನ ಕಣ್ಣು ಸುಳ್ಳು ಹೇಳಲಾರದು. "ಬೆಸುಗೆ ಚೆನ್ನಾಗಿದೆ," ಎಂದ, ಔಷಧಿ ನುಂಗಿದವನಂತೆ. "ಸಂದಿನ ಮಾತು ಬಿಟ್ಟೆ. ಆದ್ರೆ ಕಟ್ಟಳೆ ಕಟ್ಟಳೆನೇ. ಮಂಡಿಯೂರು ಬಿರಾಗೊ, ನಾನೇ ಬಿಡುಗಡೆ ಮಾಡ್ತೀನಿ. ನಿನಗೂ ಮರ್ಯಾದೆ, ನನಗೂ ಮರ್ಯಾದೆ."

ಬಿರಾಗೊ ಒಳಗೆ ಹೋಗಿ ಅಟ್ಟಣಿಗೆಯಿಂದ ಡಬ್ಬಿ ಇಳಿಸಿದಳು. ಮುಚ್ಚಳ ತೆಗೆದು ಬಗ್ಗಿಸಿದರೆ ಏನೂ ಬೀಳಲಿಲ್ಲ, ಪೌಡರು ಕಲ್ಲಾಗಿತ್ತು. ಅದೇ ಚೋಕಿನ ಮೇಲೆ ಡಬ್ಬಿಯನ್ನು ಠಣ್ ಠಣ್ ಎಂದು ಕುಟ್ಟಿದಳು. ಆಮೇಲೆ ಓಣಿಯ ನಡುವೆ ಬಂದು, ನೆಟ್ಟಗೆ ನಿಂತು, ತನ್ನ ತಲೆಯ ಮೇಲೆ ತಾನೇ ಸುರಿದುಕೊಂಡಳು. ಹೆಂಟೆ ಹೆಂಟೆಯಾಗಿ ಬಿತ್ತು. ಒಂದು ಹೆಂಟೆ ನನ್ನ ಮೂಗಿಗೆ ಹಾರಿ, ಆ ಗಂಭೀರ ಗಳಿಗೆಯಲ್ಲಿ ನಾನು ಸೀನಿದೆ.

"ಈ ಪೌಡರು ನನ್ನ ಮಾವ ತಂದಿದ್ದು, ಒಪಾನ್ಯಿನ್," ಎಂದಳು. ಹುಬ್ಬೂ ಬೆಳ್ಳಗಾಗಿತ್ತು. "ಸುರಿಯೋ ಹಕ್ಕು ಅವನಿಗಿತ್ತು, ಅವನು ಹೋದ. ಉಳಿದಿರೋ ಹಕ್ಕು ನಂದು. ನಾನು ಮೇಸ್ತ್ರಿ. ಬೀಗ ಹಾಕೋದಿದ್ರೆ ಹಾಕಿ."

ಒಪಾನ್ಯಿನ್ ಬಾಫೊ ಬಾಗಿಲನ್ನು ಒಮ್ಮೆ ಜಗ್ಗಿ ನೋಡಿದ. ಅದು ಅಲುಗಲಿಲ್ಲ. ಬೀಗವನ್ನು ಜೇಬಿಗೆ ಹಾಕಿಕೊಂಡು, ಜೇಬು ಜೋತುಬಿದ್ದ ಕಡೆಗೇ ತುಸು ವಾಲುತ್ತ ನಡೆದುಹೋದ.

ಬಿರಾಗೊ ಸಂಜೆಯ ತನಕ ತಲೆ ತೊಳೆಯಲಿಲ್ಲ. ಬೆಳ್ಳಗೇ ಕೂತು, ಹಾಡು ಹೇಳುತ್ತ ಸುರುಳಿ ಸುತ್ತಿದಳು. ಅಂಗಡಿ ಈಗ ಹಗಲೂ ರಾತ್ರಿ ತೆರೆದೇ ಇರುತ್ತದೆ. ತಾಮ್ರವನ್ನು ರಾತ್ರಿ ಕಾಯುವವರು ಯಾರು ಎಂದು ಮಾತ್ರ ಕೇಳಬೇಡಿ. ಟೈರುಗಳ ಮೇಲೆ ಹಾಸಿಗೆ ಬಿಡಿಸಿದ್ದೇನೆ, ಮಳೆ ಬಂದರೆ ಮೊದಲು ನೆನೆಯುವುದು ನಾನೇ. ದಿಂಬಿಗೆ ರಟ್ಟಿಲ್ಲದ ವ್ಯಾಕರಣದ ಪುಸ್ತಕವಿದೆ.