ಟಗರಿನ ಕೊಬ್ಬು ಇಳಿಸಿದ ಹಾಗೆ

ನನ್ನ ಗಂಡ ಕಾಳಗದ ಟಗರು ಸಾಕುತ್ತಿದ್ದ. ಕೊಬ್ಬಿದ ಟಗರು ಗುದ್ದಾಟಕ್ಕೆ ಬರುವುದಿಲ್ಲ, ತೇಕುತ್ತ ಮಲಗಿಬಿಡುತ್ತದೆ. ಅದಕ್ಕೆ ಹುರುಳಿ ನಿಲ್ಲಿಸಿ ನಮ್ಮೂರು ಮುಡಬಿಯ ಹೊರಗಿನ ಕಲ್ಲುನೆಲದಲ್ಲಿ ಓಡಿಸುತ್ತಿದ್ದ. ನಿಂತರೆ ಹಿಂಗಾಲಿಗೆ ಬಡಿಗೆ. ಅದೇ ಬಡಿಗೆ ಮನೆಗೆ ಬಂದು ನನ್ನ ಬೆನ್ನಿಗೂ ಬೀಳುತ್ತಿತ್ತು. ಅವನು ಸತ್ತ ಮೇಲೆ ಅದನ್ನು ನಾನು ಇಟ್ಟುಕೊಂಡೆ.

ಮೊಮ್ಮಗಳಿಗೆ ಹತ್ತು ವರ್ಷ. ಮಗ ಬಸವಕಲ್ಯಾಣದಿಂದ ಲಾರಿ ಓಡಿಸುತ್ತಾನೆ, ಮನೆಗೆ ಬಂದಾಗಲೆಲ್ಲ ಕುರುಕಲು ಪಾಕೀಟುಗಳ ಸರವನ್ನೇ ತರುತ್ತಿದ್ದ. ನಾನು ಬೇಡ ಅನ್ನಲಿಲ್ಲ. ಹಸಿದು ಬೆಳೆದವಳು, ದಪ್ಪ ಕೂಸು ಕಂಡರೆ ಮನೆ ಚೆನ್ನಾಗಿದೆ ಅಂದುಕೊಳ್ಳುತ್ತಿದ್ದೆ. ಹುಡುಗಿ ಶಾಲೆಯ ದಾರಿಯಲ್ಲಿ ಎರಡು ಸಲ ಕೂತು ಏಳತೊಡಗಿದ ಮೇಲೆ ಸೊಸೆ, ನಾನು ಅವಳನ್ನು ಹುಮನಾಬಾದಿನ ಡಾಕ್ಟರಿಗೆ ತೋರಿಸಿದೆವು.

"ಸಕ್ಕರೆ ಕಾಯಿಲೆ ಬಾಗಿಲಿಗಿ ಬಂದು ನಿಂತದರಿ. ಪಾಕೀಟ ಬಂದ್ ಮಾಡ್ರಿ. ರೊಟ್ಟಿ, ಬ್ಯಾಳಿ, ತಪ್ಪಲಪಲ್ಯ ಕೊಡ್ರಿ. ದಿನಾ ಆಡ್ಲಿ, ಓಡ್ಲಿ. ಇಲ್ಲಂದ್ರ ಈ ವಯಸ್ಸಿನ್ಯಾಗ ಗುಳಗಿ ನುಂಗಬೇಕಾಗತದ" ಅಂದರು.

ಬಸ್ ಸ್ಟ್ಯಾಂಡಿಗೆ ಬಂದ ಕೂಡಲೇ ಹುಡುಗಿ ಪಾಕೀಟು ಕೇಳಿದಳು. ಕಪಾಳಕ್ಕೆ ಬಿಟ್ಟೆ. ಜನ ನೋಡಿದರು. ನೋಡಲಿ.

ಮರುದಿನ ಬೆಳಗ್ಗೆ ಬಡಿಗೆ ಹಿಡಿದು ಅವಳನ್ನು ಕಲ್ಲುನೆಲಕ್ಕೆ ಹೊಡೆದುಕೊಂಡು ಹೋದೆ. ಕೊಬ್ಬು ಇಳಿಸುವ ಬೇರೆ ದಾರಿ ನನಗೆ ಗೊತ್ತಿರಲಿಲ್ಲ. ನಿಂತಾಗಲೆಲ್ಲ ಮೀನಖಂಡಕ್ಕೆ ಒಂದು ಕೊಟ್ಟೆ.

"ಆಯಿ, ಕಾಲು ನೋಯಾಕತ್ಯಾವ."

"ನೋಯ್ಲಿ. ಓಡು."

ಮೂರನೇ ದಿನ ಮುಗ್ಗರಿಸಿ ಬೋರಲು ಬಿದ್ದಳು. ನಾಟಕ ಅಂದುಕೊಂಡು ಬೆನ್ನಿಗೆ ಇನ್ನೊಂದು ಹಾಕಿದೆ. ಏಳಲಿಲ್ಲ. ಮಗ್ಗುಲಿಗೆ ಹೊರಳಿಸಿದರೆ ಗದ್ದ ಸೀಳಿತ್ತು, ರಕ್ತ ಕೊರಳಿಗೆ ಇಳಿದಿತ್ತು, ಮುಂದಿನ ಹಲ್ಲು ಅರ್ಧ ಇರಲಿಲ್ಲ.

ಎಬ್ಬಿಸಿ, ಹೆಗಲು ಕೊಟ್ಟು, ಬಡಿಗೆ ಊರುತ್ತ ಮನೆಗೆ ನಡೆಸಿಕೊಂಡು ಬಂದೆ. ಸೊಸೆ ಮಗಳನ್ನು ನೋಡಿದಳು. ನನ್ನ ಕೈಯಿಂದ ಬಡಿಗೆ ಕಿತ್ತುಕೊಂಡು ಮೊಣಕೈಗೆ ಬೀಸಿದಳು. ಇನ್ನೊಂದು ಸಲ ಬೀಸಿದಳು. ಆಮೇಲೆ ಅದನ್ನು ಉರಿಯುವ ಒಲೆಗೆ ತುರುಕಿದಳು.

"ಮಾವ ಹೊಡದಾಗ ನೀವು ಯಾಕ ಓಡಿ ಹೋಗಲಿಲ್ರಿ ಅತ್ತಿ?"

"ಎಲ್ಲಿಗಿ ಹೋಗಬೇಕಿತ್ತ?"

"ಹಂಗಾದ್ರ ಇಕಿ ಎಲ್ಲಿಗಿ ಹೋಗಬೇಕು?"

ಅದೇ ಡಾಕ್ಟರು ನಾಲ್ಕು ಹೊಲಿಗೆ ಹಾಕಿದರು. ಹ್ಯಾಂಗಾತು ಅಂತ ಕೇಳಿದರು. ಹುಡುಗಿ ಬಿದ್ದೆ ಅಂದಳು. "ನಾ ಹೊಡದೀನ್ರಿ" ಅಂದೆ ನಾನು. ಅವರು ನನ್ನ ಮುಖ ನೋಡಲಿಲ್ಲ. "ಹೊಡದು ಓಡಿಸಿದ ಕೂಸು ಓಡೂದನ್ನೇ ಬಿಡತದ" ಅಂದರು.

ಹಾಗೇ ಆಯಿತು. ಹೊಲಿಗೆ ಬಿಚ್ಚಿದರೂ ಹುಡುಗಿ ಶಾಲೆಯಿಂದ ಬಂದವಳು ಮೂಲೆ ಹಿಡಿದು ಕೂರುತ್ತಿದ್ದಳು. ಪಾಕೀಟು ನಿಂತಿತ್ತು, ಮೈ ಇಳಿಯಲಿಲ್ಲ.

ಒಂದು ಸಂಜೆ ಸೊಸೆ ಅಂಗಳದಲ್ಲಿ ಇದ್ದಿಲಿನಿಂದ ಕುಂಟೆಬಿಲ್ಲೆಯ ಮನೆ ಗೆರೆ ಎಳೆದು, ಸೀರೆ ಮೇಲಕ್ಕೆ ಸಿಕ್ಕಿಸಿ, ಹೆಂಚಿನ ಚೂರು ಎಸೆದು ಒಬ್ಬಳೇ ಕುಂಟತೊಡಗಿದಳು. ಎದುರು ಮನೆಯವಳು ನಕ್ಕಳು.

"ಏನವ್ವಾ, ನಿನ್ನ ಹೊಸದಾಗಿ ಸಾಲಿಗಿ ಹಾಕ್ಯಾರೇನ?"

"ಹೌದ್ರಿ, ಒಂದನೇತ್ತಾ. ನೀವೂ ಬರ್ರಿ, ಜಾಗಾ ಅದ."

ನಾಲ್ಕು ಸಂಜೆ ಒಬ್ಬಳೇ ಕುಂಟಿದಳು. ಐದನೆಯ ಸಂಜೆ ಹುಡುಗಿ ಹೊಸ್ತಿಲ ಮೇಲೆ ನಿಂತು, "ಗೆರಿ ತುಳದಿ. ಔಟ್" ಅಂದಳು.

"ಎಲ್ಲಿ ತುಳದೀನಿ? ಬಂದು ತೋರ್ಸು."

ಇಳಿದು ತೋರಿಸಿದಳು. ಆಮೇಲೆ ಚೂರು ಅವಳ ಕೈಗೆ ಬಂತು. ಈಗ ಓಣಿಯ ಹುಡುಗಿಯರೂ ಬರುತ್ತಾರೆ. ನಮ್ಮ ಹುಡುಗಿ ದಿನಕ್ಕೆ ಎರಡು ಜೋಳದ ರೊಟ್ಟಿ, ಪುಂಡಿಪಲ್ಯ ಕೇಳಿ ತಿನ್ನುತ್ತಾಳೆ. ಸಕ್ಕರೆ ಹಿಂದಕ್ಕೆ ಸರಿದಿದೆಯಂತೆ. ನನಗೆ ಅದನ್ನು ಹೇಳಿದವಳು ಎದುರು ಮನೆಯವಳು.

ಒಂದು ದಿನ ಆಟ ನೋಡಲು ಬಾಗಿಲಿಗೆ ಬಂದೆ. ಹುಡುಗಿ ಎತ್ತಿದ ಕಾಲು ಇಳಿಸಿ, ಹೋಗಿ ಗೋಡೆಗೆ ಆತುಕೊಂಡು ನಿಂತಳು. ನಾನು ಒಳಗೆ ಬಂದೆ. ಸ್ವಲ್ಪ ಹೊತ್ತಿಗೆ ಹೊರಗೆ ಕುಂಟುವ ಸದ್ದು ಶುರುವಾಯಿತು.

ಅಂದಿನಿಂದ ಆ ಹೊತ್ತಿನಲ್ಲಿ ನಾನು ಹೊರಗೆ ಬರುವುದಿಲ್ಲ.